ಗುಮಾನಿ ಕಾರ್ಡುಗಳು

ನಾನು ಹುಟ್ಟಾ ಗುಮಾನಿಯ ಹೆಂಗಸು. ಹಾಲಿನವನ ತಂಬಿಗೆಯಲ್ಲಿ ಬೆರಳದ್ದಿ ನೋಡುವವಳು, ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ದಪ್ಪಕ್ಷರದಲ್ಲಿದ್ದರೂ ಮೂರು ಜನರನ್ನು ಕೇಳಿಯೇ ಹತ್ತುವವಳು, ಯಾರಾದರೂ ಸುಮ್ಮನೆ ಹೊಗಳಿದರೆ ಇವರಿಗೆ ನನ್ನಿಂದ ಏನು ಬೇಕಾಗಿದೆಯೋ ಎಂದು ಒಳಗೊಳಗೇ ತಡಕಾಡುವವಳು. ಮದುವೆಯಾಗಿ ಗೊರೇಬಾಳಕ್ಕೆ ಬಂದ ವಾರದಲ್ಲೇ ನನ್ನ ಗಂಡ, "ನಿನ್ನ ತಲಿಯೊಳಗ ಒಬ್ಬ ಪೊಲೀಸ ಕುಂತಾನ" ಎಂದಿದ್ದ. ಅದು ಹೊಗಳಿಕೆಯೋ ಬೈಗುಳವೋ ಎಂದು ಎರಡು ದಿನ ತೂಗಿ ನೋಡಿದ್ದೆ.

ಈ ಗುಣಕ್ಕೊಂದು ಕೆಲಸ ಹಚ್ಚಿದವರು ಲಿಂಗಸುಗೂರಿನಲ್ಲಿ ಹೈಸ್ಕೂಲಿಗೆ ಕನ್ನಡ ಕಲಿಸಿದ ನನ್ನ ಮಾಸ್ತರು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾಸ್ತರು ನಿವೃತ್ತರಾಗಿ ನಮ್ಮ ಭಾಗದ ಮಾತುಗಳನ್ನೆಲ್ಲ ಕೂಡಿಸಿ ಒಂದು ಪುಸ್ತಕ ಮಾಡುವ ಹುಚ್ಚಿಗೆ ಬಿದ್ದಿದ್ದರು. ತವರಿಗೆ ಹೋದಾಗ ನೋಡಲು ಹೋದೆ. "ಬಿ.ಎ. ಮಾಡಿ ಮನ್ಯಾಗ ಖಾಲಿ ಕುಂತೀದಿ, ನಿಮ್ಮ ಕಾಲುವಿ ಕಡೆ ಮಾತು ಆರಿಸಿ ಕೊಡು" ಎಂದರು. ನನ್ನ ಅನುಮಾನದ ಸ್ವಭಾವ ಅವರಿಗೆ ಮೊದಲಿನಿಂದ ಗೊತ್ತಿತ್ತು. ಅದನ್ನೇ ಹಿಡಿದುಕೊಂಡು ಪಾಠ ಶುರು ಮಾಡಿದರು. ಗುಮಾನಿ ಎಂಬುದು ಫಾರ್ಸಿಯಿಂದ ಬಂದದ್ದು, ನಿಜಾಮನ ಕಚೇರಿಯವರ ಬಾಯಿಂದ ನಮ್ಮ ಬಾಯಿಗೆ ಬಿದ್ದದ್ದು, ಅಲ್ಲಿ ಗುಮಾನ್ ಅಂದರೆ ಬರೀ ಊಹೆ. ಅನುಮಾನ ಸಂಸ್ಕೃತದ್ದು. ಅಲ್ಲಿ ಅದು ಹೊಗೆ ಕಂಡು ಬೆಂಕಿ ಇದೆ ಎಂದು ತಿಳಿಯುವ ಜಾಣತನ. "ಎರಡೂ ನಮ್ಮ ಊರಿಗೆ ಬಂದ ಮ್ಯಾಲೆ ಸಂಶಯ ಆಗ್ಯಾವ ನೋಡು. ಮಂದಿ ಹಂಗ ಇದ್ದಾರ" ಎಂದು ನಕ್ಕರು. ನಾನು ನಗಲಿಲ್ಲ. ನನ್ನನ್ನೇ ಅಂದರೋ ಏನೋ ಅನಿಸಿತ್ತು.

ಅವರ ಕಾರ್ಡುಗಳು ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದವು. ಒಂದು ಮಗ್ಗುಲಲ್ಲಿ ಯಾರದೋ ಮುಹೂರ್ತ, ಇನ್ನೊಂದು ಮಗ್ಗುಲಲ್ಲಿ ನಮ್ಮ ಪದ. ಪದ ಯಾವುದು, ಯಾವ ಊರಲ್ಲಿ ಕೇಳಿದ್ದು, ಹೇಳಿದವರು ಯಾರು, ಹೇಳುವಾಗ ಏನು ನಡೆದಿತ್ತು, ಅರ್ಥವೇನು, ಮೂಲವೇನು, ಎಲ್ಲ ಬರೆಯಬೇಕು. ಮೂಲ ಗಟ್ಟಿಯಾಗಿ ಸಿಕ್ಕರೆ ಮೂಲೆಯಲ್ಲಿ 'ಖಾತ್ರಿ' ಎಂದು, ಇಲ್ಲದಿದ್ದರೆ ಕೆಂಪು ಶಾಯಿಯಲ್ಲಿ 'ಗುಮಾನಿ' ಎಂದು ಗುರುತು ಹಾಕಬೇಕು. "ಖಾತ್ರಿ ಕಾರ್ಡು ತರಾಕಿ ಹೆಸರು ಮುನ್ನುಡಿಯೊಳಗ ಬರ್ತದ" ಎಂದು ಆಸೆ ಹಚ್ಚಿದರು. ಆ ಆಸೆ ನನಗೆ ಚೆನ್ನಾಗಿಯೇ ಹತ್ತಿತು.

ಮಾಸ್ತರು ಸ್ವತಃ ಪದಗಳನ್ನು ಹುಟ್ಟಿಸುತ್ತಿದ್ದರು. ಪಂಪ್‌ಸೆಟ್ಟಿಗೆ ನೀರೆತ್ತಿ, ಟ್ರ್ಯಾಕ್ಟರಿಗೆ ಎಳೆಬಂಡಿ, ಆಟೋಕ್ಕೆ ಮುಗ್ಗಾಲಿ. ಮೂರು ಗಾಲಿ ಇದ್ದುದರಿಂದ ಮುಗ್ಗಾಲಿ, ಲೆಕ್ಕ ಸರಿಯಾಗಿಯೇ ಇತ್ತು. ಒಮ್ಮೆ ಲಿಂಗಸುಗೂರ ಬಸ್‌ಸ್ಟ್ಯಾಂಡಿನಲ್ಲಿ ನನ್ನೆದುರಿಗೇ ಒಬ್ಬ ಆಟೋದವನನ್ನು, "ಮುಗ್ಗಾಲಿ ಬರ್ತದೇನಪಾ?" ಎಂದು ಕೇಳಿದರು. ಅವನು, "ಆ ಊರಿಗೆ ಬರಂಗಿಲ್ರಿ, ರಸ್ತಾ ಖರಾಬ ಐತಿ" ಎಂದುಬಿಟ್ಟ. ಮಾಸ್ತರು ಮನೆಯವರೆಗೂ ನಡೆದೇ ಹೋದರು. ಅವರು ಮಾಡಿದ ಒಂದು ಪದವನ್ನೂ ಯಾರೂ ಆಡಲಿಲ್ಲ. ಅದು ಅವರಿಗೆ ಕೊನೆಯವರೆಗೂ ಚುಚ್ಚುತ್ತಿದ್ದ ಮುಳ್ಳು.

ಗೊರೇಬಾಳಕ್ಕೆ ಮರಳಿದ ಮೇಲೆ ನಾನು ಚೀಲದಲ್ಲಿ ಕಾರ್ಡು ತುಂಬಿಕೊಂಡು ತಿರುಗತೊಡಗಿದೆ. ಗಂಡ ರಾಯಚೂರಿನಿಂದ ಒಂದು ಹೊಸ ಪೆನ್ನು ತಂದುಕೊಟ್ಟಿದ್ದ. ತಲೆಯ ಮೇಲಿನ ಗುಂಡಿ ಒತ್ತಿದರೆ ಟಿಕ್ ಎಂದು ಮುಳ್ಳು ಹೊರಗೆ ಬರುವಂಥದು. ನಮ್ಮ ಕಡೆ ಆಗ ಅದು ಅಪರೂಪ. ನಾನು ಟಿಕ್ ಎನಿಸಿದರೆ ಸಾಕು, ಮಾತಾಡುವವರು ಹೊರಳಿ ನೋಡುತ್ತಿದ್ದರು. ನನಗೆ ಅದು ಒಂದು ಬಗೆಯ ಗತ್ತು ಕೊಡುತ್ತಿತ್ತು. ಸುತ್ತಲಿನ ಕ್ಯಾಂಪುಗಳಿಂದಲೇ ಶುರು ಮಾಡಿದೆ. ಆಂಧ್ರದಿಂದ ಬಂದವರು ಕಾಲುವೆಯ ಗುಂಟ ಡೇರೆ ಹಾಕಿ, ಆಮೇಲೆ ಗೋಡೆ ಕಟ್ಟಿ, ಗುಡಿ ಕಟ್ಟಿ ಊರೇ ಮಾಡಿಕೊಂಡರೂ ಹೆಸರು ಕ್ಯಾಂಪು ಎಂದೇ ಉಳಿದಿತ್ತು. ಎರಡು ದಿನದ ಡೇರೆಗೆ ಹೇಳುವ ಇಂಗ್ಲಿಷ್ ಮಾತು ನಮ್ಮ ತಾಲ್ಲೂಕಿನಲ್ಲಿ ಕಾಯಂ ಊರಾಗಿತ್ತು. ಆ ಕಾರ್ಡಿಗೆ ಮಾಸ್ತರು ತಾವೇ ಖಾತ್ರಿ ಹಾಕಿ, ಸಂತೋಷಪಟ್ಟು ಪತ್ರ ಬರೆದರು. ಆದರೆ ಅದು ಎಲ್ಲರಿಗೂ ಗೊತ್ತಿದ್ದ ಪದ. ನನಗೆ ಬೇಕಾಗಿದ್ದು ಯಾರ ಪುಸ್ತಕದಲ್ಲೂ ಇಲ್ಲದ, ಹುಟ್ಟಿದ ಜಾಗ ಬೊಟ್ಟುಮಾಡಿ ತೋರಿಸಬಹುದಾದ ಒಂದು ಪದ.

ಆ ವರ್ಷ ಕಾಲುವೆಗೆ ನೀರು ಬಂದ ಕೂಡಲೇ ನಮ್ಮ ಮಾವನವರ ಗದ್ದೆಗೆ ಸಸಿ ಹಚ್ಚಲು ಮಸ್ಕಿ ಆಚೆಯ ಒಂದು ಒಣಭೂಮಿಯ ಊರಿಂದ ಹೆಂಗಸರ ಗುಂಪು ಬಂತು. ಹದಿನಾಲ್ಕು ಮಂದಿ, ದಿನಗೂಲಿ. ನಮ್ಮ ಕಣದ ಪತ್ರಾಸ ತಗಡಿನ ಶೆಡ್ಡಿನಲ್ಲೇ ಬಿಡಾರ. ಗುಂಪಿಗೆ ಹಿರಿಯಳು ಒಬ್ಬ ಮುದುಕಿ. ಬೆನ್ನು ಬಾಗಿಸಿ ಬಾಗಿಸಿ ನಿಂತಾಗಲೂ ಅರ್ಧ ಬಾಗಿಯೇ ಇರುತ್ತಿದ್ದಳು, ನಾಲಿಗೆ ಮಾತ್ರ ನೆಟ್ಟಗೆ. ಎಲ್ಲರಿಗಿಂತ ಕಿರಿಯಳೊಬ್ಬಳಿಗೆ ಮೂರು ತಿಂಗಳ ಕೂಸಿತ್ತು. ಬದುವಿನ ಜಾಲಿ ಗಿಡಕ್ಕೆ ಹಳೇ ಸೀರೆಯ ಜೋಳಿಗೆ ಕಟ್ಟಿ ಅದರಲ್ಲಿ ಮಲಗಿಸುತ್ತಿದ್ದಳು.

ನಮ್ಮ ಮಾವ ಕೆಟ್ಟವರಲ್ಲ. ಆದರೆ ಕಾಲುವೆ ನೀರಿನ ಸರದಿ ಮುಗಿಯುವುದರೊಳಗೆ ಸಸಿ ನೆಲ ಹಿಡಿಯಬೇಕು ಎಂಬ ಗಾಬರಿ ಅವರಿಗೆ ಯಾವಾಗಲೂ. ಕೊಡೆ ಹಿಡಿದು ಬದುವಿನ ಮೇಲೆ ನಿಂತರೆ ಕದಲುತ್ತಿರಲಿಲ್ಲ. ಮೊದಲ ದಿನವೇ ಆ ಬಾಣಂತಿಗೆ ಹೇಳಿದ್ದರು: "ಬುತ್ತಿ ಉಣ್ಣೋ ಹೊತ್ತಿಗೆ ಒಮ್ಮಿ, ಚಾ ಹೊತ್ತಿಗೆ ಒಮ್ಮಿ ಕುಡಸ್ಕೋ. ಕೂಸು ಅತ್ತಾಗೊಮ್ಮಿ ಎದ್ದು ಹೋದ್ರ ನನ್ನ ಮಡಿ ನಾಟಿ ಮುಗಿಯಂಗಿಲ್ಲ. ಆಗಂಗಿಲ್ಲಂದ್ರ ಊರಿಗೆ ಹೋಗಿಬಿಡು." ಅವಳು ಹ್ಞೂಂ ಎಂದು ತಲೆ ಅಲ್ಲಾಡಿಸಿದಳು. ಊರಲ್ಲಿ ಅವಳಿಗೆ ಆ ದಿನಗಳಲ್ಲಿ ಬೇರೆ ಕೂಲಿ ಇರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಾನು ಬದುವಿನ ಇನ್ನೊಂದು ತುದಿಯಲ್ಲಿ ಕಲ್ಲಿನ ಮೇಲೆ ಕೂತು ಮಾತು ಆರಿಸುತ್ತಿದ್ದೆ. ಮುದುಕಿ ಧಾರಾಳವಾಗಿ ಕೊಡುತ್ತಿದ್ದಳು. ಕಾಲ್ಬೆರಳ ಸಂದಿಯಲ್ಲಿ ನೀರು ತಿಂದು ಆಗುವ ಕೆಸರುಹುಣ್ಣಿನಿಂದ ಹಿಡಿದು ಕೆಸರಿಗೂ ರಾಡಿಗೂ ಇರುವ ಫರಕಿನವರೆಗೆ. ಹೀಗೆ ನಾಲ್ಕು ದಿನ ಕಳೆದ ಮೇಲೆ ಒಂದು ಮಾತು ಕಿವಿಗೆ ಬಿತ್ತು: "ಉಂಗಳಿ". ಮುದುಕಿ ಬಾಗಿದಲ್ಲಿಂದಲೇ, "ಉಂಗಳಿ ಬೇ, ಉಂಗಳಿ" ಎಂದಳು. ಸಾಲಿನಲ್ಲಿ ಯಾರೋ "ಹ್ಞಾಂ ಉಂಗಳಿ" ಎಂದರು. ಆಮೇಲೆ ಎಂದಿನಂತೆ ಹಾಡು. ನಾನು ಟಿಕ್ ಎನಿಸಿದೆ.

ಬುತ್ತಿಯ ಹೊತ್ತಿಗೆ ಅರ್ಥ ಕೇಳಿದೆ. ಮುದುಕಿ ರೊಟ್ಟಿ ಅಗಿಯುತ್ತಾ, "ಅದೊಂದು ಹಕ್ಕಿ ಅವ್ವಾ. ಸಣ್ಣದು, ಕೆಸರಾಗ ಅಡ್ಡಾಡ್ತದ" ಎಂದಳು. ಬರೆದುಕೊಂಡೆ. ಮರುದಿನ ಮತ್ತೆ ಅದೇ ಮಾತು ಮೂರು ಸಲ ಕೇಳಿತು, ಗದ್ದೆಯಲ್ಲಿ ಹಕ್ಕಿಯ ಸುಳಿವೇ ಇಲ್ಲ. ಕೇಳಿದರೆ, "ಮ್ವಾಡದಾಗ ಒಂದು ನಮೂನಿ" ಎಂದಳು. ಮೂರನೆಯ ದಿನ, "ನಮ್ಮ ಕಡೆ ಸಸಿ ಸೂಡು ಕಟ್ಟೂದಕ್ಕ ಹಂಗಂತಾರ" ಎಂದಳು. ಉಳಿದವರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ನನಗೆ ರೇಗಿಹೋಯಿತು. ಮುದುಕಿ ನನ್ನನ್ನು ಮಂಗ್ಯಾ ಮಾಡುತ್ತಿದ್ದಾಳೆ, ಬಾಯಿಗೆ ಬಂದದ್ದು ಹುಟ್ಟಿಸಿ ಹೇಳುತ್ತಿದ್ದಾಳೆ ಅನಿಸಿತು.

ಆದರೂ ಆ ಪದ ನನ್ನನ್ನು ಬಿಡಲಿಲ್ಲ. ಉರ್ದುವಿನ ಉಂಗ್ಲಿ ಅಂದರೆ ಬೆರಳು. ನಮ್ಮಲ್ಲಿ ಉಂಗುರ ಇದೆ, ಉಂಗುಟ ಇದೆ. ಸಸಿ ಹಚ್ಚುವುದು ಬೆರಳಿನ ಕೆಲಸವೇ. ನಿಜಾಮನ ಕಾಲದ ಯಾವನೋ ದಫೇದಾರ ಗದ್ದೆಯಲ್ಲಿ ನಿಂತು ಉಂಗ್ಲಿ ಚುರುಕು ಮಾಡಿರಿ ಎಂದು ಗದರಿಸಿರಬೇಕು, ಅದು ಇವರ ಬಾಯಲ್ಲಿ ಉಂಗಳಿಯಾಗಿರಬೇಕು ಎಂದು ಒಂದು ಇಡೀ ಕಥೆ ಕಟ್ಟಿಕೊಂಡೆ. ಮಾಸ್ತರಿಗೆ ಪತ್ರ ಬರೆದೆ. ಅವರು, "ಬೆರಳಿನಿಂದ ಬಂದದ್ದು ಎಂಬುದು ಒಪ್ಪುವಂತಿದೆ. ಆದರೆ ಹೇಳಿದವಳು ಮೂರು ಅರ್ಥ ಹೇಳಿದ್ದಾಳೆ. ಬೇರೆ ಯಾರನ್ನಾದರೂ ಕೇಳಿ ತಾಳೆ ನೋಡದೆ ಖಾತ್ರಿ ಹಾಕಬೇಡ" ಎಂದು ಉತ್ತರಿಸಿದರು.

ಅಲ್ಲಿಯವರೆಗೆ ನಾನು ಆ ಪದ ಕೇಳಿದಾಗಲೆಲ್ಲ ಕಾರ್ಡಿನಲ್ಲಿ ಗುರುತು ಮಾಡುತ್ತಲೇ ಇದ್ದೆ, ಕಲಿಸಿದ ಕ್ರಮದಲ್ಲೇ. ಬುತ್ತಿಗೆ ಮುಂಚೆ ಒಂದು ಸಲ. ಹೇಳುವ ಮೊದಲು ಮುದುಕಿ ಜಾಲಿ ಗಿಡದ ಕಡೆ ನೋಡಿದಳು. ಹೇಳಿದ ಮೇಲೆ ಸಾಲಿನ ಎಡತುದಿಯ ಇಬ್ಬರು ಕಾಲು ಅಗಲಿಸಿ ನಿಂತರು. ಮಧ್ಯಾಹ್ನ ಎರಡು ಸಲ, ಹಾಗೆಯೇ. ಎಲ್ಲ ಇತ್ತು ಆ ಕಾರ್ಡಿನಲ್ಲಿ. ನನ್ನ ಕಣ್ಣು ಅವರ ಬಾಯಿಗಳ ಮೇಲಿತ್ತು, ಕೈಗಳ ಮೇಲಿರಲಿಲ್ಲ. ಮಳೆಗೆ ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಬಾಗಿದ ಹದಿನಾಲ್ಕು ಬೆನ್ನುಗಳಲ್ಲಿ ಆಗಾಗ ಹದಿಮೂರೇ ಇರುತ್ತವೆ ಎಂಬುದು, ಹಾಲಿನಲ್ಲಿ ಬೆರಳದ್ದಿ ನೋಡುವ ನನಗೆ ಹೊಳೆಯಲೇ ಇಲ್ಲ.

ತಾಳೆ ನೋಡಲು ನಾನು ಹೋದದ್ದು ಮಾವನವರ ಹತ್ತಿರ. ಇಡೀ ಊರಲ್ಲಿ ಬೇರೆ ಯಾರೂ ಇರಲಿಲ್ಲವೇ? ಇದ್ದರು. ಆದರೆ ಮುದುಕಿಯ ಸುಳ್ಳು ಹಿಡಿಯಬೇಕೆಂಬ ಹಟ ನನಗೆ. ನಾಟಿಯ ಮಾತು ಅವರಿಗಿಂತ ಹೆಚ್ಚು ಕೇಳಿದವರು ಯಾರಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಕಟ್ಟೆಯ ಮೇಲೆ ಚಹಾ ಕೊಟ್ಟು ಕೇಳಿದೆ: "ಮಾವಾರ, ಉಂಗಳಿ ಅಂದ್ರೇನ್ರೀ?"

"ನಾ ಕೇಳೇ ಇಲ್ಲಲ್ಲವ್ವಾ. ಯಾವಾಗಂತಾರ?"

ನಾನು ಕಾರ್ಡು ತಂದು ಓದಿದೆ. ಎಷ್ಟು ಸಲ, ಯಾವ ಹೊತ್ತಿಗೆ, ಯಾರು ಯಾವ ಕಡೆ ನೋಡಿದರು, ಯಾರು ಕಾಲು ಅಗಲಿಸಿದರು. ಒಂದನ್ನೂ ಬಿಡದೆ, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವವಳ ಹಾಗೆ. ಮಾವ ಬಾಯಿಗೆ ಎತ್ತಿದ ಚಹಾದ ಬಸಿಯನ್ನು ಅರ್ಧಕ್ಕೇ ತಡೆದು ಕೇಳಿದರು. ಆಮೇಲೆ ಮೆಲ್ಲಗೆ, "ಹಂಗೇನು" ಎಂದರು. ಅರ್ಥ ಗೊತ್ತಾಯಿತೇನು ಎಂದು ಕೇಳಿದರೆ, "ನಾಳಿ ಹೇಳ್ತೀನಿ" ಎಂದರು. ಆ ಉತ್ತರದ ಮೇಲೆ ಮಾತ್ರ ನನಗೆ ಯಾವ ಗುಮಾನಿಯೂ ಬರಲಿಲ್ಲ. ಬರಬೇಕಾಗಿದ್ದ ಒಂದೇ ಒಂದು ಜಾಗದಲ್ಲಿ ಬರಲಿಲ್ಲ.

ಮರುದಿನ ಅವರು ಬದುವಿನ ಮೇಲೆ ನಿಲ್ಲಲಿಲ್ಲ. ಕೊಡೆ ಮಡಚಿಕೊಂಡು ಕಾಲುವೆಯ ಕಡೆಯಿಂದ ಸುತ್ತುಹಾಕಿ ಬಂದು ಜಾಲಿ ಗಿಡದ ಹಿಂದೆ ನಿಂತರು. ಮುದುಕಿಗೆ ಕಾಣಲಿಲ್ಲ. ಜೋಳಿಗೆ ಅಲುಗಾಡಿತು. ಮುದುಕಿ "ಉಂಗಳಿ ಬೇ" ಎಂದಳು. ಎಡತುದಿಯಲ್ಲಿದ್ದ ಬಾಣಂತಿ ಬಾಗಿದ ಹಾಗೆಯೇ ಹಿಂದೆ ಸರಿದು, ಬದುವಿನ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಗಿಡದ ಕಡೆ ಹೋದಳು. ಅವಳ ಮಗ್ಗುಲಲ್ಲಿದ್ದ ಇಬ್ಬರು ಅಗಲವಾಗಿ ಕೈಚಾಚಿ ಅವಳ ಪಾಲಿನ ಸಸಿಯನ್ನೂ ಹಚ್ಚುತ್ತಾ ಬಂದರು. ಸಾಲಿನಲ್ಲಿ ಒಂದು ಗೇಣು ಖಾಲಿ ಬೀಳಲಿಲ್ಲ. ಆಗ ನನಗೆ ಗೊತ್ತಾಯಿತು. ಕಾರ್ಡಿನಲ್ಲಿ ನಾನೇ ಬರೆದದ್ದು ನನ್ನ ಕಣ್ಣಮುಂದೆ ನಡೆಯುತ್ತಿತ್ತು. ಕೂಗಿ ಎಚ್ಚರಿಸಬೇಕು ಅನಿಸಿತು. ಏನೆಂದು ಕೂಗಬೇಕೋ ತಿಳಿಯಲಿಲ್ಲ, ಎಚ್ಚರಿಸುವ ಅವರ ಮಾತು ನನಗೆ ಬರುತ್ತಿರಲಿಲ್ಲ.

ಮಾವ ಗಿಡದ ಹಿಂದಿನಿಂದ ಬಂದಾಗ ಅವಳು ಬೆನ್ನು ಮಾಡಿ ಕೂತು ಹಾಲು ಕುಡಿಸುತ್ತಿದ್ದಳು. ಅವರು ಕೂಗಾಡಲಿಲ್ಲ. ಮೋರೆ ಆಚೆ ತಿರುಗಿಸಿಕೊಂಡು, "ನಾ ಮೊದಲ ಹೇಳಿದ್ದೆ. ನಾಳಿಯಿಂದ ನೀ ಬರಬ್ಯಾಡ" ಎಂದರು. ಗದ್ದೆಯಲ್ಲಿ ಎಲ್ಲರೂ ಎದ್ದು ನಿಂತರು. ಮುದುಕಿ, "ಧಣ್ಯಾರ, ಆಕಿ ಪಾಲಿನ ಕೆಲಸ ಏನ್ ನಿಂತೈತ್ರೀ? ನಾವು ಹಚ್ಚೇವಲ್ರೀ" ಎಂದಳು. ಮಾವ, "ಹಂಗಾದ್ರ ನನಗ ಕಾಣದಂಗ ಯಾಕ ಮಾಡಿದ್ರಿ?" ಎಂದರು. ಆಮೇಲೆ ನನ್ನ ಕಡೆ ಕೈಮಾಡಿ, "ನಮ್ಮ ಸೊಸಿ ಓದಿ ಹೇಳದಿದ್ರ ಗೊತ್ತ ಆಗ್ತಿದ್ದಿಲ್ಲ" ಎಂದರು. ನನ್ನ ಜಾಣತನದ ಮೇಲೆ ಅವರಿಗೆ ನಿಜವಾಗಿಯೂ ಹೆಮ್ಮೆಯಾಗಿತ್ತು.

ಹದಿಮೂರು ಮುಖಗಳು ನನ್ನ ಕಡೆ ಹೊರಳಿದವು. ಕೈಯಲ್ಲಿ ಪೆನ್ನಿತ್ತು. ಅರಿವಿಲ್ಲದೆ ಬೆರಳು ಒತ್ತಿ ಅದು ಟಿಕ್ ಎಂದಿತು.

ಮನೆಯಲ್ಲಿ ಮಾವನವರ ಹತ್ತಿರ ಬೇಡಿಕೊಂಡೆ. ಕೂಸು ಸಣ್ಣದು, ಕೆಲಸ ನಿಂತಿಲ್ಲ, ಇರಲಿ ಬಿಡಿ ಎಂದೆ. "ನೀನ ಹಿಡದು ಕೊಟ್ಟು ನೀನ ಬಿಡಸಾಕ ಬಂದೀದಿ?" ಎಂದರು. ಇಳಿಹೊತ್ತಿಗೆ ಆ ಬಾಣಂತಿ ಗಂಟು ಕಟ್ಟಿಕೊಂಡು ಸಿಂಧನೂರಿನ ಬಸ್ಸಿಗೆ ರಸ್ತೆಯ ಬದಿ ನಿಂತಿದ್ದಳು. ಹೋಗಿ ಮಾತಾಡಿಸಿದೆ. ಅವಳು ಸಿಟ್ಟು ಮಾಡಲಿಲ್ಲ. ಕೂಸಿನ ತಲೆಯ ಮೇಲೆ ಸೆರಗು ಎಳೆದುಕೊಂಡು, "ಅಕ್ಕಾರ, ನಾ ಕೂಸಿಗೆ ಹಾಲು ಕುಡಿಸಿದ್ದೂ ಬರಕೊಂಡಿದ್ರೇನ್ರೀ?" ಎಂದು ಕೇಳಿದಳು. ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಅಷ್ಟರಲ್ಲಿ ಬಸ್ಸು ಬಂತು.

ನಾಟಿಯ ಕೊನೆಯ ದಿನ ಮುದುಕಿ ತಾನಾಗಿ ನನ್ನ ಕಲ್ಲಿನ ಹತ್ತಿರ ಬಂದಳು. "ಈಗ ಬರಕೋ" ಎಂದಳು. "ಆ ಕೂಸು ಎಚ್ಚರಾದ್ರ ಮೊದಲ ಅಳ್ತಿದ್ದಿಲ್ಲ, ಉಂಗಾ ಉಂಗಾ ಅಂತಿತ್ತು. ಅದು ಉಂಗಾ ಅನ್ನೂದು ಕೇಳಿ ಅದರವ್ವ ಹೋಗ್ಲಿ, ನಾವು ಆಕಿ ಪಾಲು ಮುಚ್ಚೂಣು ಅಂತ ಉಂಗಳಿ ಅಂದಿವಿ. ಈ ಸಾರಿದ್ದ ಮಾತು ಅದು. ಹ್ವಾದ ವರ್ಷ ಬ್ಯಾರೆ ಕೂಸಿತ್ತು, ಬ್ಯಾರೆ ಮಾತಿತ್ತು. ಮಂದಿಗೆ ತಿಳೀತಂದ್ರ ನಾವು ಆ ಮಾತು ಬಿಟ್ಟಬಿಡ್ತೀವಿ. ಇನ್ನ ಅದು ನಿನಗ ಇರ್ಲಿ."

ಉಂಗ್ಲಿಯೂ ಅಲ್ಲ, ಉಂಗುರವೂ ಅಲ್ಲ, ನಿಜಾಮನ ದಫೇದಾರನೂ ಅಲ್ಲ. ಆ ಪದಕ್ಕೆ ಆ ಕೂಸಿಗಿಂತ ಹೆಚ್ಚು ವಯಸ್ಸಾಗಿರಲಿಲ್ಲ. ಮಾಸ್ತರು ವರ್ಷಗಟ್ಟಲೆ ಕೂತು ಹುಟ್ಟಿಸಿದ ಪದಗಳು ಯಾರ ಬಾಯಿಗೂ ಬರಲಿಲ್ಲ. ಇವರು ಒಂದು ಹಗಲಿನಲ್ಲಿ ಹುಟ್ಟಿಸಿ, ಹದಿನಾಲ್ಕು ಮಂದಿ ಆಡಿ, ಒಂದು ಕೂಸಿನ ಹೊಟ್ಟೆ ತುಂಬಿಸಿದ್ದರು. ನಾನು ಅದನ್ನು ಓದಿ ಹೇಳಿ ಮುಗಿಸಿದ್ದೆ. ನನಗೆ ನಾಚಿಕೆಯಾಯಿತು. ಆ ಕಾರ್ಡನ್ನು ಮಾಸ್ತರಿಗೆ ಕಳಿಸಲಿಲ್ಲ. ಪದದ ಮೂಲ ಸಿಕ್ಕಲಿಲ್ಲ ಎಂದು ಬರೆದೆ. ಅವರು ಮತ್ತೆ ಮತ್ತೆ ಕೇಳಿದರು, ಆಮೇಲೆ ಬಿಟ್ಟರು. ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಅವರು ತೀರಿಕೊಂಡರು. ಕಾರ್ಡಿನ ಪೆಟ್ಟಿಗೆಗಳು ಏನಾದವೋ ತಿಳಿಯದು.

ತೊಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಇಬ್ಬರು ಹುಡುಗಿಯರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಆ ಗುಂಪಿನವರಲ್ಲ, ನನ್ನನ್ನು ಎಂದೂ ನೋಡಿದವರಲ್ಲ. ಒಬ್ಬಳು ತನ್ನ ಮನೆಯ ಯಾವುದೋ ಗುಟ್ಟು ಹೇಳುತ್ತಿದ್ದಳು. ಅಷ್ಟರಲ್ಲಿ ಅವಳ ಓಣಿಯ ಹೆಂಗಸೊಬ್ಬಳು ಚೀಲ ಹಿಡಿದು ಅವರ ಕಡೆಗೇ ಬರತೊಡಗಿದಳು. ಇನ್ನೊಬ್ಬಳು ತಟ್ಟನೆ ಇವಳ ತೊಡೆ ಚಿವುಟಿ, "ಸುಮ್ಮನಿರಬೇ, ಟಿಕ್ಕವ್ವ ಬಂದ್ಲು" ಎಂದಳು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು.

ಚೀಲದಲ್ಲಿದ್ದ ಪೆನ್ನಿನ ಗುಂಡಿ ಮುಟ್ಟಿ ನೋಡಿಕೊಂಡೆ. ಆದರೂ ಹಳೇ ಚಾಳಿ ಬಿಡಲಿಲ್ಲ. ಆ ಹೆಂಗಸು ದಾಟಿಹೋದ ಮೇಲೆ ಹುಡುಗಿಯನ್ನು ಕೇಳಿದೆ: "ಟಿಕ್ಕವ್ವ ಅಂದ್ರ ಯಾರವ್ವಾ?"

"ಯಾರಂತಲ್ರೀ. ನಮ್ಮ ಮಾತು ಕೇಳಿ ಹೋಗಿ ದೊಡ್ಡವರ ಮುಂದ ಹೇಳಾಕಿಗಿ ಹಂಗಂತೀವಿ. ನಮ್ಮ ಕಡೆ ಎಲ್ಲಾರೂ ಅಂತಾರ್ರೀ."

"ಯಾಕ ಹಂಗಂತಾರ?"

"ಯಾರಿಗ್ಗೊತ್ರೀ? ಮೊದಲಿನಿಂದ ಹಂಗ ಅಂತಾರ."

ಮನೆಗೆ ಬಂದು, ಒಂದು ಹಳೇ ಲಗ್ನಪತ್ರಿಕೆ ಕತ್ತರಿಸಿ, ಎಷ್ಟೋ ವರ್ಷಗಳ ಮೇಲೆ ಕಾರ್ಡು ಬರೆಯಲು ಕೂತೆ. ಪದ, ಟಿಕ್ಕವ್ವ. ಕೇಳಿದ ಊರು, ಮಸ್ಕಿ. ಅರ್ಥ, ಹುಡುಗಿ ಹೇಳಿದ ಹಾಗೆಯೇ. ಯಾವ ಪುಸ್ತಕದಲ್ಲೂ ಇಲ್ಲದ, ಹುಟ್ಟಿದ ಗದ್ದೆಯನ್ನು ಬೊಟ್ಟುಮಾಡಿ ತೋರಿಸಬಹುದಾದ, ಜನ ಬಿಡದೆ ಆಡುತ್ತಿರುವ ಪದ. ಮೂಲೆಯಲ್ಲಿ 'ಖಾತ್ರಿ' ಎಂದು ಬರೆದೆ. ನನ್ನ ಜೀವಮಾನದಲ್ಲಿ ಹಾಗೆ ಬರೆದ ಕಾರ್ಡು ಅದೊಂದೇ. 'ಮೂಲ' ಎಂಬುದರ ಮುಂದೆ ನನ್ನ ಹೆಸರು ಬರೆದು, ಪೆನ್ನು ಮುಚ್ಚಲು ಹೋದೆ. ಅದು ಟಿಕ್ ಎಂದಿತು.